ಬೇಗವೋ, ನೇರವೋ? ಕಾಗದದ ಕೊಕ್ಕರೆಯ ಲೆಕ್ಕ

ಕಾಗದ ಮಡಚುವ ಕಲೆಗೆ ಜಪಾನಿನವರು ಒರಿಗಾಮಿ ಎನ್ನುತ್ತಾರೆ. 'ಓರಿ' ಅಂದರೆ ಮಡಚುವುದು, 'ಕಾಮಿ' ಅಂದರೆ ಕಾಗದ. ಹೆಸರು ಹೊಸದಿರಬಹುದು, ಕೆಲಸ ನಮಗೇನೂ ಹೊಸದಲ್ಲ. ಪ್ಲಾಸ್ಟಿಕ್ ಚೀಲ ಬರುವ ಮೊದಲು ರೋಣದ ಸಂತೆಯಲ್ಲಿ ಕಿರಾಣಿ ಅಂಗಡಿಯವರು ಹಳೆ ಪೇಪರಿನಲ್ಲಿ ಸಕ್ಕರೆಯ ಪುಡಿಕೆ ಕಟ್ಟುತ್ತಿದ್ದುದನ್ನು ಅಜ್ಜ-ಅಜ್ಜಿಯರು ನೋಡಿಯೇ ಇದ್ದೀರಿ. ಕಣ್ಣು ಗಿರಾಕಿಯ ಮೇಲೆ, ಕೈ ಪುಡಿಕೆಯ ಮೇಲೆ. ಅಸೂಟಿಯವರೆಗೆ ಚಕ್ಕಡಿಯಲ್ಲಿ ಕುಲುಕುತ್ತ ಬಂದರೂ ಒಂದು ಕಾಳು ಸಕ್ಕರೆ ಸೋರುತ್ತಿರಲಿಲ್ಲ. ಆ ಕೈಗೆ ವೇಗವೂ ಇತ್ತು, ಅಚ್ಚುಕಟ್ಟೂ ಇತ್ತು. ಎರಡೂ ಒಟ್ಟಿಗೆ ಹೇಗೆ ಬಂದವು ಎಂಬುದೇ ಇವತ್ತಿನ ನಮ್ಮ ಪ್ರಶ್ನೆ.

ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ನಮ್ಮ ಓಣಿಯ ಒಬ್ಬ ಹುಡುಗಿಯಿಂದ. ಆರನೇ ಇಯತ್ತೆ. ಜಾಣೆ, ಆದರೆ ಪರೀಕ್ಷೆಯಲ್ಲಿ ಗಂಟೆ ಹೊಡೆಯುವಷ್ಟರಲ್ಲಿ ಎರಡು ಪ್ರಶ್ನೆ ಉಳಿದೇ ಇರುತ್ತವೆ. ಯಾರೋ ಅವಳಿಗೆ 'ನಿಧಾನಿ' ಎಂದು ಹೆಸರಿಟ್ಟರು, ಹೆಸರು ಅಂಟಿಕೊಂಡಿತು. ಉತ್ತರ ಗೊತ್ತಿದ್ದರೂ ಕೈ ಎತ್ತುವುದನ್ನು ಬಿಟ್ಟಳು. "ಕಾಕಾ, ನೀವು ಬ್ಯಾಂಕಿನಾಗ ಇದ್ದವರು, ಇಕಿಗೆ ಬ್ಯಾಗ ಮಾಡೋದು ಕಲಸ್ರಿ" ಎಂದು ಅವಳ ತಾಯಿ ನನ್ನ ಹತ್ತಿರ ಕಳಿಸಿದರು. ನನ್ನ ಮೊಮ್ಮಗನಿಗೂ ಅದೇ ವಯಸ್ಸು. ಅವನದು ಇದಕ್ಕೆ ಪೂರ್ತಿ ಉಲ್ಟಾ: ಎಲ್ಲಕ್ಕಿಂತ ಮೊದಲು ಮುಗಿಸುತ್ತಾನೆ, ಅರ್ಧ ತಪ್ಪಿರುತ್ತದೆ.

ಲೆಕ್ಕದ ಪುಸ್ತಕ ತೆರೆದರೆ ಇಬ್ಬರೂ ಓಡಿಹೋಗುತ್ತಾರೆಂದು ಕಾಗದ ತಂದೆ. ಕೊಕ್ಕರೆ ಮಾಡಲು ಕಲಿಸಿದೆ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿಬಂದ ಮಕ್ಕಳಿವು, ಮೊದಮೊದಲು ಅದನ್ನು ಬಾತುಕೋಳಿ ಎಂದೇ ಕರೆದರು. ಇರಲಿ. ಕೈ ಪಳಗಿದ ಮೇಲೆ ಒಂದು ಭಾನುವಾರ ಪಂದ್ಯ ಇಟ್ಟೆ. ಅರ್ಧ ತಾಸಿನಲ್ಲಿ ಎಷ್ಟು ಕೊಕ್ಕರೆ? ಷರತ್ತು ಒಂದೇ: ಕೊಕ್ಕರೆ ನೆಟ್ಟಗೆ ಕೂರಬೇಕು, ಎರಡೂ ರೆಕ್ಕೆ ಸಮ ಇರಬೇಕು.

ಮೊಮ್ಮಗ 9 ಮಾಡಿದ, ಹುಡುಗಿ 6. ಅವನು ಆಗಲೇ ಕುಣಿಯತೊಡಗಿದ್ದ. ತಡೆಯಪ್ಪ ಎಂದು ಒಂದೊಂದಾಗಿ ಮೇಜಿನ ಮೇಲೆ ಇಟ್ಟೆ. ಅವನ 9ರಲ್ಲಿ 4 ಪಕ್ಕಕ್ಕೆ ಉರುಳಿದವು, ಉಳಿದದ್ದು 5. ಅವಳ ಆರಕ್ಕೆ ಆರೂ ಕೂತವು. 30 ನಿಮಿಷವನ್ನು 5ರಿಂದ ಭಾಗಿಸಿದರೆ ಒಂದು ಒಳ್ಳೆಯ ಕೊಕ್ಕರೆಗೆ 6 ನಿಮಿಷ. 6ರಿಂದ ಭಾಗಿಸಿದರೆ 5 ನಿಮಿಷ. ಹಾಗಾದರೆ ಯಾರು ಬೇಗ? ಹುಡುಗಿ ಆ ಲೆಕ್ಕವನ್ನು ತಾನೇ ಇನ್ನೊಮ್ಮೆ ಮಾಡಿ ನೋಡಿದಳು, ನನ್ನ ಮೇಲೆ ನಂಬಿಕೆ ಇಲ್ಲದವಳಂತೆ.

ಬ್ಯಾಂಕಿನಲ್ಲಿ ನಮ್ಮ ಲೆಕ್ಕವೂ ಇದೇ ಆಗಿತ್ತು. ನೋಟು ಎಣಿಸುವ ಯಂತ್ರ ಇಲ್ಲದ ಕಾಲ. ಒದ್ದೆ ಸ್ಪಂಜಿಗೆ ಬೆರಳು ತಾಗಿಸಿ ಎಣಿಸಬೇಕು: 100 ನೋಟಿಗೆ ಒಂದು ಪ್ಯಾಕೆಟ್, 10 ಪ್ಯಾಕೆಟ್ಟಿಗೆ ಒಂದು ಬಂಡಲ್. ಸಂಜೆ ಒಂದೇ ಒಂದು ನೋಟು ಕಡಿಮೆ ಬಿದ್ದರೆ ಎಲ್ಲ ಪ್ಯಾಕೆಟ್ ಬಿಚ್ಚಿ ಮತ್ತೆ ಮೊದಲಿನಿಂದ. ಊರಿನ ಕಡೇ ಬಸ್ಸು ಯಾರಿಗೂ ಕಾಯುತ್ತಿರಲಿಲ್ಲ. ಹೀಗಾಗಿ ಬಿಚ್ಚಿ ಎಣಿಸುವ ಹೊತ್ತನ್ನೂ ಕೂಡಿಸಿ ವೇಗ ಅಳೆಯುವುದು ನನಗೆ ರೂಢಿ.

ಮೊಮ್ಮಗನ ನಾಲ್ಕು ಬಿದ್ದ ಕೊಕ್ಕರೆಗಳನ್ನು ಬಿಚ್ಚಿ ನೋಡಿದೆವು. ಮೂರರಲ್ಲಿ ತಪ್ಪು ಇದ್ದದ್ದು ಕತ್ತಿನಲ್ಲೂ ಅಲ್ಲ, ರೆಕ್ಕೆಯಲ್ಲೂ ಅಲ್ಲ, ಮೊಟ್ಟಮೊದಲ ಮಡಿಕೆಯಲ್ಲಿ! ಮೂಲೆಯಿಂದ ಮೂಲೆಗೆ ಮಡಚುವಾಗ ಒಂದು ಮಿಲಿಮೀಟರು ಜಾರಿತ್ತು. 15 ಸೆಂಟಿಮೀಟರಿನ ಚೌಕದಲ್ಲಿ ಒಂದು ಮಿಲಿಮೀಟರು ಕಣ್ಣಿಗೂ ಕಾಣದು. ಆದರೆ ಮುಂದಿನ ಮಡಿಕೆಗಳೆಲ್ಲ ಆ ಗೆರೆಯನ್ನೇ ನಂಬಿ ಬರುತ್ತವೆ. ಕಡೆಗೆ ಕತ್ತು ಮಾಡುವಾಗ ಅದರ ತುದಿಯ ಅಗಲವೇ ಕೆಲವು ಮಿಲಿಮೀಟರು. ಅಲ್ಲಿ ಒಂದು ಎಂದರೆ ಬಹಳ ಆಯಿತು. ನಾಲ್ಕನೆಯದರ ಕತ್ತು ಹರಿದಿತ್ತು, ಅದು ಬರೀ ಅವಸರ.

ಹುಡುಗಿಯ ಕೈಯನ್ನೂ ಗಮನಿಸಿದೆ. ಪ್ರತಿ ಮಡಿಕೆಯನ್ನು ಉಗುರಿನಿಂದ ನಾಲ್ಕು ನಾಲ್ಕು ಸಲ ತೀಡುತ್ತಿದ್ದಳು, ತೀಡಿ ಬಿಚ್ಚಿ ನೋಡುತ್ತಿದ್ದಳು. ಮೂಲೆ ಸರಿಯಾಗಿ ಕೂತಿದ್ದರೆ ಒಮ್ಮೆ ತೀಡಿದರೆ ಸಾಕು. ಇನ್ನೊಂದು ತೊಂದರೆ ಏನೆಂದರೆ, ಅಂಚನ್ನು ನಡುಗೆರೆಗೆ ತೀರ ತಾಗಿಸಿ ಮಡಚುತ್ತಿದ್ದಳು. ನೋಡಲು ಚಂದ. ಆದರೆ ಅದೇ ಗೆರೆಯ ಮೇಲೆ ಮತ್ತೆ ಮಡಚುವಾಗ ಕಾಗದದ ದಪ್ಪಕ್ಕೆ ಜಾಗವಿಲ್ಲದೆ ಉಬ್ಬುತ್ತಿತ್ತು, ಅದನ್ನು ಸರಿಪಡಿಸುವುದರಲ್ಲೇ ಅವಳ ಹೊತ್ತು ಹೋಗುತ್ತಿತ್ತು. ಅಲ್ಲಿ ಕೂದಲೆಳೆಯಷ್ಟು ಸಂದು ಬಿಡಬೇಕು.

ಕಾಗದದ ದಪ್ಪ ಅಂದರೆ ನಗಬೇಡಿ ಮಕ್ಕಳೇ. ಒಂದು ಹಾಳೆ ಸುಮಾರು 0.1 ಮಿಲಿಮೀಟರು. ಐದು ಸಲ ಅರ್ಧಕ್ಕರ್ಧ ಮಡಚಿದರೆ 32 ಪದರ, 3 ಮಿಲಿಮೀಟರಿಗೂ ಹೆಚ್ಚು. ಏಳು ಸಲಕ್ಕೆ 128 ಪದರ, ಒಂದು ಸೆಂಟಿಮೀಟರು ದಾಟಿತು. ಎಂಟನೆಯದನ್ನು ನೀವೇ ಮಡಚಿ ನೋಡಿ! ಅಮೆರಿಕದ ಬ್ರಿಟ್ನಿ ಗ್ಯಾಲಿವನ್ ಎಂಬ ಶಾಲಾ ಹುಡುಗಿ 2002ರಲ್ಲಿ ಒಂದು ಕಿಲೋಮೀಟರಿಗೂ ಉದ್ದದ ತೆಳು ಕಾಗದವನ್ನು 12 ಸಲ ಮಡಚಿ ತೋರಿಸಿದಳು. ಅದಕ್ಕೆ ಎಷ್ಟು ಉದ್ದದ ಕಾಗದ ಬೇಕೆಂದು ಮೊದಲೇ ಲೆಕ್ಕ ಹಾಕಿದ್ದಳು ಎನ್ನುವುದು ನನಗೆ ಹೆಚ್ಚು ಹಿಡಿಸಿದ ಮಾತು.

ಮಡಿಕೆಯಲ್ಲಿ ಲೆಕ್ಕ ಅಡಗಿದೆ ಎಂದು ಜಗತ್ತಿಗೆ ತೋರಿಸಿದವರಲ್ಲಿ ನಮ್ಮ ದಕ್ಷಿಣದವರೇ ಒಬ್ಬರಿದ್ದಾರೆ. ಟಿ. ಸುಂದರರಾವ್ ಎಂಬವರು 1893ರಲ್ಲಿ ಮದರಾಸಿನಲ್ಲಿ ಇಂಗ್ಲಿಷಿನ ಒಂದು ಪುಸ್ತಕ ಪ್ರಕಟಿಸಿದರು. ಕಾಗದ ಮಡಚಿಯೇ ತ್ರಿಕೋನ, ಪಂಚಕೋನ, ಷಟ್ಕೋನ ಎಲ್ಲ ಮಾಡುವ ಬಗೆ ಅದರಲ್ಲಿದೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಮೆಚ್ಚಿ ಹೆಸರಿಸಿದ ಮೇಲೆ ಅಮೆರಿಕದಲ್ಲೂ ಅಚ್ಚಾಯಿತು. ನಮ್ಮ ಕಾಲದಲ್ಲಿ ಕೋಲಾರದ ವಿ.ಎಸ್.ಎಸ್. ಶಾಸ್ತ್ರಿಯವರು ಒರಿಗಾಮಿಯಿಂದ ಗಣಿತ ಕಲಿಸುವ ಪುಸ್ತಕ ಬರೆದಿದ್ದಾರೆ. ಜಪಾನಿನ ಅಕಿರಾ ಯೋಶಿಜಾವಾ ಕಾರ್ಖಾನೆಯಲ್ಲಿದ್ದಾಗ ಹೊಸ ಕೆಲಸಗಾರರಿಗೆ ಕಾಗದ ಮಡಚಿಯೇ ರೇಖಾಗಣಿತ ಹೇಳಿಕೊಡುತ್ತಿದ್ದರಂತೆ. ಇಂದು ಒರಿಗಾಮಿ ಪುಸ್ತಕಗಳಲ್ಲಿ ಕಾಣುವ ಚುಕ್ಕೆಗೆರೆ, ಬಾಣದ ಗುರುತುಗಳು ಅವರಿಂದ ಬಂದವು. ಕೋರ್ಯೋ ಮಿಉರಾ ಎಂಬ ವಿಜ್ಞಾನಿಯ ಮಡಿಕೆಯಂತೂ 1995ರಲ್ಲಿ ಉಪಗ್ರಹದ ಸೌರಫಲಕವಾಗಿ ಆಕಾಶಕ್ಕೇ ಹೋಯಿತು.

ಕೊಕ್ಕರೆಯ ಮಾತು ಬಂದಾಗ ಹಿರೋಷಿಮಾದ ಸದಾಕೋ ಸಾಸಾಕಿಯನ್ನು ಬಿಡುವಂತಿಲ್ಲ. ಅಣುಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದಳು. ಸಾವಿರ ಕೊಕ್ಕರೆ ಮಡಚಿದರೆ ಬೇಡಿದ್ದು ಸಿಗುತ್ತದೆಂಬ ನಂಬಿಕೆ ಅಲ್ಲಿಯದು. ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಮಡಚುತ್ತ ಹೋದಳು. ಅದೇ ವರ್ಷ ಅಕ್ಟೋಬರಿನಲ್ಲಿ, 12ನೇ ವಯಸ್ಸಿನಲ್ಲಿ ತೀರಿಕೊಂಡಳು. ಇದನ್ನು ಹೇಳಿದ ದಿನ ನಮ್ಮ ಪಡಸಾಲೆಯಲ್ಲಿ ಯಾರೂ ಗಡಿಯಾರ ನೋಡಲಿಲ್ಲ.

ಮುಂದಿನ ಭಾನುವಾರ ಮತ್ತೆ ಪಂದ್ಯ. ಮೊಮ್ಮಗನಿಗೆ ಹೇಳಿದ್ದು ಒಂದೇ: ಮೊದಲ ನಾಲ್ಕು ಮಡಿಕೆ ಎಷ್ಟು ಬೇಕಾದರೂ ನಿಧಾನ ಮಾಡು, ಆಮೇಲೆ ಓಡು. ಹುಡುಗಿಗೆ: ಒಂದು ಸಲ ತೀಡು, ಸಂದು ಬಿಡು, ಬಿಚ್ಚಿ ನೋಡಬೇಡ. ಅವನು 8 ಮಾಡಿದ, ಒಂದು ಬಿತ್ತು. ಅವಳು 7 ಮಾಡಿದಳು, ಒಂದೂ ಬೀಳಲಿಲ್ಲ. ಇಬ್ಬರದೂ ಏಳೇ. ಮೊಮ್ಮಗ ಇನ್ನೂ ಒಪ್ಪಿಲ್ಲ, ಎಂಟನೆಯದು ಗಾಳಿಗೆ ಬಿತ್ತು ಎನ್ನುತ್ತಾನೆ. ಪರೀಕ್ಷೆಯಲ್ಲಿ ಆ ಹುಡುಗಿಗೆ ಈಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಮೊದಲು ಎರಡು ಉಳಿಯುತ್ತಿದ್ದವು.

ಮನೆಯಲ್ಲಿ ಮಾಡುವವರಿಗೆ ನಾಲ್ಕು ಮಾತು. ಕಾಗದವನ್ನು ಮಡಿಲಲ್ಲಿಟ್ಟು ಮಡಚಬೇಡಿ, ಮಣೆಯೋ ಮೇಜೋ ಇರಲಿ. ಮೊದಲು ಮೂಲೆಗಳನ್ನು ಕೂಡಿಸಿ ಬೆರಳಲ್ಲಿ ಒತ್ತಿ ಹಿಡಿಯಿರಿ, ಆಮೇಲೆ ನಡುವಿನಿಂದ ಎರಡೂ ಕಡೆಗೆ ತೀಡಿ. ಎ4 ಹಾಳೆಯಿಂದ ಚೌಕ ಬೇಕಿದ್ದರೆ ಒಂದು ಮೂಲೆಯನ್ನು ಎದುರಿನ ಉದ್ದ ಅಂಚಿಗೆ ತಾಗಿಸಿ ಮಡಚಿ, ಉಳಿದ ಪಟ್ಟಿಯನ್ನು ಕತ್ತರಿಸಿ. 21 ಸೆಂಟಿಮೀಟರಿನ ಚೌಕ ಸಿಗುತ್ತದೆ. ಕೈ ನಡುಗುವ ನನ್ನಂಥ ಅಜ್ಜಂದಿರಿಗೆ ಆ ಅಳತೆಯೇ ಸರಿ. ಮಕ್ಕಳು 15ರಿಂದ ಶುರು ಮಾಡಲಿ.