ಮಳೆಯ ದಿನ ತಿಳಿಯದಿರುವಾಗ ಬಿತ್ತನೆಯ ಲೆಕ್ಕಾಚಾರ

ಕೊಪ್ಪಳ: ಮುಂಗಾರು ಬರುವುದು ಬಹುತೇಕ ಖಚಿತ, ಬರುವ ದಿನ ಖಚಿತವಲ್ಲ. ಬಂದ ಮಳೆ ನಡುವೆ ಎಷ್ಟು ದಿನ ಕೈಕೊಡುತ್ತದೆ ಎಂಬುದೂ ಮೊದಲೇ ತಿಳಿಯದು. ಹೀಗಿರುವಾಗ ಕೆಲಸಕ್ಕೆ ಸಮಯ ಹೊಂದಿಸುವುದು ಹೇಗೆ? ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗದ ರೈತರು ಪ್ರತಿ ವರ್ಷ ಎದುರಿಸುವ ಪ್ರಶ್ನೆ ಇದು.

ದಿನಾಂಕಕ್ಕಿಂತ ಗಡುವು ಮುಖ್ಯ

ಕುಷ್ಟಗಿ, ಯಲಬುರ್ಗಾ ಬಹುಪಾಲು ಮಳೆಯಾಶ್ರಿತ ಪ್ರದೇಶ. ಇಲ್ಲಿ ಬಿತ್ತನೆಗೆ ದಿನ ಗೊತ್ತುಪಡಿಸುವುದಿಲ್ಲ. ಪ್ರತಿ ಬೆಳೆಗೂ ಒಂದು ಕೊನೆಯ ಗಡುವು ಇರುತ್ತದೆ. ರೋಹಿಣಿ, ಮೃಗಶಿರಾ ಮಳೆ ಕೂಡಿ ಬಂದರೆ ಹೆಸರು ಬಿತ್ತಬಹುದು. ಸುಮಾರು 70 ದಿನಗಳಲ್ಲಿ ಬೆಳೆ ಕೈಸೇರಿ, ಎರೆಭೂಮಿಯಾದರೆ ಅದೇ ಹೊಲ ಹಿಂಗಾರಿ ಜೋಳ ಅಥವಾ ಕಡಲೆಗೆ ತೆರವಾಗುತ್ತದೆ. ಆರಿದ್ರಾ ಮಳೆಯೂ ತಪ್ಪಿದರೆ ಹೆಸರಿನ ಆಸೆ ಬಿಡುವುದೇ ಲೇಸು. ತಡವಾಗಿ ಬಿತ್ತಿದ ಹೆಸರು ಸೆಪ್ಟೆಂಬರ್ ಮಳೆಗೆ ಸಿಕ್ಕಿ ಕಾಯಿ ಕೆಡುತ್ತದೆ, ಹಿಂಗಾರಿ ಬಿತ್ತನೆಯೂ ಹಿಂದೆ ಬೀಳುತ್ತದೆ. ಆಗ ಸಜ್ಜೆ, ಸೂರ್ಯಕಾಂತಿಯತ್ತ ತಿರುಗಬೇಕು. ಇನ್ನೂ ತಡವಾದರೆ ಹುರುಳಿ.

ಸಜ್ಜೆಯ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವುದರ ಹಿಂದೆಯೂ ಇದೇ ಲೆಕ್ಕವಿದೆ. ಸಜ್ಜೆ ಮೂರು ತಿಂಗಳಿಗೆ, ತೊಗರಿ ಐದಾರು ತಿಂಗಳಿಗೆ ಬರುವುದರಿಂದ ಒಂದೇ ಒಣ ಅವಧಿ ಎರಡನ್ನೂ ಸಮಾನವಾಗಿ ಬಾಧಿಸುವುದಿಲ್ಲ.

ಹದ ಮಳೆಯ ತೇವ ಹೊಲದಲ್ಲಿ ಉಳಿಯುವುದು ಕೆಲವೇ ದಿನ. ಆ ದಿನಗಳನ್ನು ಬೀಜದ ಅಂಗಡಿಯ ಮುಂದಿನ ಸರದಿಯಲ್ಲಿ ಕಳೆದವರಿಗೆ ಹದ ತಪ್ಪುತ್ತದೆ. ಆದ್ದರಿಂದ ಗೊಬ್ಬರ ಹರಡುವುದು, ಕೂರಿಗೆ ದುರಸ್ತಿ, ಒದ್ದೆ ಗೋಣಿಚೀಲದಲ್ಲಿ ನೂರು ಕಾಳು ಸುತ್ತಿಟ್ಟು ಮೊಳಕೆ ನೋಡುವುದು ಮುಂತಾದ, ಮಳೆಯನ್ನು ಕಾಯಬೇಕಿಲ್ಲದ ಕೆಲಸಗಳು ಮೊದಲೇ ಮುಗಿದಿರಬೇಕು.

ಕಾಲುವೆಯನ್ನು ನಂಬಿದವರ ಪಾಡು

ಗಂಗಾವತಿಯ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯೇ ಆಧಾರ. ಸಸಿಮಡಿ ನಾಟಿಗೆ ಸಿದ್ಧವಾಗಲು 25ರಿಂದ 30 ದಿನ ಬೇಕು. ನೀರು ತಡವಾದರೆ ಸಸಿ ಬಲಿಯುತ್ತದೆ. ಮಡಿಯೇ ತಡವಾದರೆ ಬಂದ ನೀರು ವ್ಯರ್ಥವಾಗುತ್ತದೆ. ವಾರದ ಅಂತರದಲ್ಲಿ ಎರಡು ಕಂತಿನಲ್ಲಿ ಮಡಿ ಹಾಕಿದರೆ ಅಪಾಯ ಹಂಚಿಹೋಗುತ್ತದೆ.

ಆದರೆ ತುಂಬಿದ ಜಲಾಶಯವೂ ಖಾತರಿಯಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಅಪಾರ ನೀರು ನದಿಪಾಲಾಯಿತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಅಳವಡಿಸಲಾಯಿತು. ಬಳಿಕ ಒಳಹರಿವು ಹೆಚ್ಚಿ ಜಲಾಶಯ ಮತ್ತೆ ತುಂಬಿದ್ದರಿಂದ ಬೆಳೆ ಉಳಿಯಿತು. 2025ರಲ್ಲಿ ಮಾತ್ರ ಸುರಕ್ಷತೆಗಾಗಿ ನೀರಿನ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು; ಗೇಟ್‌ಗಳ ಬದಲಾವಣೆಗಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ವರ್ಷಕ್ಕೆ ಎರಡು ಬೆಳೆ ಎಂದು ನಂಬಿ ಭೂಮಿ ಗುತ್ತಿಗೆ ಹಿಡಿದವರಿಗೆ, ಬೇಸಿಗೆ ಭತ್ತದ ಮೇಲೆ ಸಾಲದ ಕಂತು ಕಟ್ಟಿಕೊಂಡವರಿಗೆ ಇಂಥ ತೀರ್ಮಾನದ ಪೆಟ್ಟು ದೊಡ್ಡದು. ಮೊದಲ ಬೆಳೆಯಲ್ಲೇ ವರ್ಷದ ಖರ್ಚು ಸರಿದೂಗುವಂತೆ ಯೋಜಿಸಿ, ಎರಡನೆಯದನ್ನು ಬಂದರೆ ಲಾಭವೆಂದು ಎಣಿಸುವುದು ಸುರಕ್ಷಿತ.

ಮುಂದೂಡಲಾಗದ ಕೆಲಸ

ಮಳೆಯೊಡನೆ ಜಾರದ ದಿನಾಂಕಗಳೂ ಇವೆ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳು ಬೆಳೆಗಳಿಗೆ ರೈತರು ತುಂಬಬೇಕಾದುದು ವಿಮಾ ಮೊತ್ತದ ಗರಿಷ್ಠ ಶೇ 2ರಷ್ಟು ಕಂತು. ಮಳೆ ಬರಲಿ ನೋಡೋಣ ಎಂದು ಕಾಯುತ್ತ ಕುಳಿತರೆ ನೋಂದಣಿಯ ಗಡುವು ಮುಗಿದಿರುತ್ತದೆ. ನಂತರ ಬೆಳೆ ಒಣಗಿದರೂ ಪರಿಹಾರಕ್ಕೆ ದಾರಿಯಿಲ್ಲ.

ಒಟ್ಟಿನಲ್ಲಿ, ಅಡ್ಡಿ ಬರಬಹುದಾದ ಕಾಲದಲ್ಲಿ ದಿನಾಂಕ ಬದಲಾಗದ ಕೆಲಸ ಮೊದಲು ಮುಗಿಯಬೇಕು. ಉಳಿದ ಪ್ರತಿ ಕೆಲಸಕ್ಕೂ ಕೊನೆಯ ದಿನ ಯಾವುದು, ಅದು ಮೀರಿದರೆ ಬದಲಿ ಏನು ಎಂಬುದು ಮೇ ತಿಂಗಳಲ್ಲೇ ತೀರ್ಮಾನವಾಗಿರಬೇಕು. ಮೋಡ ನೋಡುತ್ತ ನಿಂತಾಗ ತೀರ್ಮಾನಿಸಲು ಹೊರಟರೆ, ಅಷ್ಟರಲ್ಲಿ ಹದ ಆರಿರುತ್ತದೆ.