ರಾಮೇಶ್ವರಕ್ಕೆ ಗಂಗಾಜಲದ ಜೊತೆ ಗಾಳಿಪಟವೂ ಬೇಕೆ?

ರಾಮೇಶ್ವರ ಒಂದು ದ್ವೀಪ ಅನ್ನೋದು ಅಲ್ಲಿಗೆ ಹೋಗಿ ಬಂದವರಿಗೂ ಎಷ್ಟೋ ಸಲ ನೆನಪಿರೋದಿಲ್ಲ. ಪಾಂಬನ್ ಸೇತುವೆ ಬಂದಾಗ ಕಿಟಕಿಗೆ ಮುಖ ಹಚ್ಚಿ ಸಮುದ್ರ ನೋಡ್ತೀವಿ, ಕೈ ಮುಗೀತೀವಿ, ಇಳಿದ ಮೇಲೆ ಗುಡಿ, ತೀರ್ಥ, ಶಂಖದ ಅಂಗಡಿ. ಆದರೆ ಕೆಲವು ವರ್ಷಗಳಿಂದ ಇದೇ ದ್ವೀಪಕ್ಕೆ ಇನ್ನೊಂದು ತರದ ಮಂದಿಯೂ ಬರ್ತಿದಾರೆ. ಅವರಿಗೆ ಬೇಕಾದದ್ದು ಅಲ್ಲಿನ ಗಾಳಿ. ಬೆನ್ನಿಗೆ ದೊಡ್ಡ ಚೀಲ, ಕಂಕುಳಲ್ಲಿ ಹಲಗೆ. ಆಟದ ಹೆಸರು ಕೈಟ್‌ಬೋರ್ಡಿಂಗ್.

ನೋಡದವರಿಗೆ ಹೇಳಬೇಕಂದ್ರೆ, ಆಷಾಢದಲ್ಲಿ ನಮ್ಮ ಹುಡುಗರು ಹಾರಿಸೋ ಪಟವನ್ನೇ ಮನುಷ್ಯನನ್ನು ಎಳೆಯುವಷ್ಟು ದೊಡ್ಡದು ಮಾಡಿದ ಹಾಗೆ. ಒಂಬತ್ತು, ಹನ್ನೆರಡು ಚದರ ಮೀಟರ್ ಬಟ್ಟೆ, ಪಂಪಿನಿಂದ ಗಾಳಿ ತುಂಬಿ ಗಟ್ಟಿ ಮಾಡಿದ ಮುಂಭಾಗ, 20ರಿಂದ 25 ಮೀಟರ್ ಉದ್ದದ ನಾಲ್ಕೈದು ದಾರ, ಆ ದಾರ ಹಿಡಿಯೋಕೆ ಒಂದು ಅಡ್ಡಕೋಲು. ಕೋಲು ಸೊಂಟದ ಪಟ್ಟಿಗೆ ಸಿಕ್ಕಿಕೊಂಡಿರ್ತದೆ, ಕಾಲು ಹಲಗೆಯ ಮೇಲೆ. ಗಾಳಿ ಎಳೆದಂಗೆ ನೀರಿನ ಮೇಲೆ ಜಾರಿಕೊಂಡು ಹೋಗೋದು.

ನಮ್ಮ ಅಣ್ಣನ ಮಗ ಗಿಣಿಗೇರಾ ಹತ್ತಿರದ ಕಾರ್ಖಾನೆಯಲ್ಲಿ ಪಾಳಿ ಮೇಲೆ ಕೆಲಸ ಮಾಡ್ತಾನೆ. ಹೋದ ವರ್ಷ ಗೆಳೆಯರ ಜೊತೆ ಹೋಗಿ ಐದು ದಿನ ಇದನ್ನು ಕಲಿತು ಬಂದ. ಬಂದ ಮೇಲೆ ಯಾರಿಂದಲೋ ಹಳೇದೊಂದು ಸೆಟ್ ಕೊಂಡೂ ಬಿಟ್ಟ. ಈ ಡಿಸೆಂಬರ್ ಕೊನೇ ವಾರಕ್ಕೆ ಮನೆಮಂದಿಯೆಲ್ಲಾ ರಾಮೇಶ್ವರಕ್ಕೆ ಹೋಗೋದು ಅಂತ ಗೊತ್ತಾದಾಗ ಅಟ್ಟದ ಮೇಲಿದ್ದ ಆ ಚೀಲ ಕೆಳಗಿಳಿದು ಪಡಸಾಲೆಗೆ ಬಂತು. ಪ್ರವಾಸ ಅವನದಲ್ಲ, ಅವರಜ್ಜಿಯದು. ಕಾಶಿಯಿಂದ ತಂದ ಗಂಗಾಜಲದ ಗಿಂಡಿ ನಾಲ್ಕು ವರ್ಷದಿಂದ ದೇವರ ಮನೆಯಲ್ಲಿ ಕೂತಿದೆ. ಅದನ್ನು ರಾಮನಾಥಸ್ವಾಮಿಗೆ ಮುಟ್ಟಿಸದ ಹೊರತು ಕಾಶಿಯಾತ್ರೆ ಮುಗಿದಂಗಲ್ಲ ಅಂತ ಅವರ ನಂಬಿಕೆ.

"ಅಷ್ಟ್ ದೂರ ಹೊಂಟೀವಿ, ಗಾಳಿ ಇರೋ ಊರು, ನಂದೂ ಒಂದ್ ಚೀಲ ಬರ್ಲಿ ಬಿಡಮ್ಮಾ" ಅಂದ ಅಜ್ಜಿಗೆ.

"ಬರ್ಲಿ ಬಿಡೋ. ಆದ್ರ ನನ್ನ ಗಿಂಡಿ ಯಾರ್ ಹಿಡೀತಾರ?" ಅಂದರು ಅವರು.

ತಮಾಷೆಗೆ ಅಂದದ್ದಾದರೂ ಪ್ರಶ್ನೆ ಸರಿಯಾದದ್ದೇ. ಎರಡು ಮೂರು ವಾರ ಮನೆಯಲ್ಲಿ ಇದೇ ಚರ್ಚೆ. ದುಬಾರಿ ಸಾಮಾನು ಕೊಂಡವರ ಮನೆಗಳಲ್ಲಿ ಇಂಥ ಚರ್ಚೆ ಈಗ ಸಾಮಾನ್ಯ ಆಗಿರೋದರಿಂದ ಇದನ್ನು ಬರೀತಿದೀನಿ.

ಮೊದಲು ಗಾಳಿಯ ಲೆಕ್ಕ. ರಾಮೇಶ್ವರದಲ್ಲಿ ಎರಡು ಋತು. ಸುಮಾರಾಗಿ ಮೇನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ, ನೈಋತ್ಯದ ಗಾಳಿ. ಯಲಬುರ್ಗಾ, ಕುಕನೂರು ಕಡೆಯ ಗಾಳಿಯಂತ್ರಗಳನ್ನು ಮಳೆಗಾಲದಲ್ಲಿ ಜೋರಾಗಿ ತಿರುಗಿಸೋದೂ ಇದೇ ನೈಋತ್ಯ ಮಾರುತ. ಇನ್ನೊಂದು ಚಳಿಗಾಲದ ಈಶಾನ್ಯ ಗಾಳಿ. ಅಕ್ಟೋಬರ್, ನವೆಂಬರ್ ತಮಿಳುನಾಡಿನ ಕರಾವಳಿಗೆ ಮಳೆ, ಚಂಡಮಾರುತದ ಕಾಲ. ಡಿಸೆಂಬರ್ ಬಂದರೂ ಪೂರ್ತಿ ನಂಬೋ ಹಾಗಿಲ್ಲ. ಧನುಷ್ಕೋಡಿಯನ್ನು ಚಂಡಮಾರುತ ನುಂಗಿದ್ದು 1964ರ ಡಿಸೆಂಬರ್ 22ರ ರಾತ್ರಿ. ಈಗ ಮುನ್ಸೂಚನೆ ಇದೆ, ಫೋನಿದೆ, ಅದು ಬೇರೆ ಮಾತು.

ಈ ಆಟಕ್ಕೆ ಕನಿಷ್ಠ ಹನ್ನೆರಡು ನಾಟ್ ಗಾಳಿ ಬೇಕು ಅಂತಾರೆ, ಅಂದ್ರೆ ಗಂಟೆಗೆ ಸುಮಾರು 22 ಕಿ.ಮೀ. ಗಾಳಿ ಕಮ್ಮಿ ಇದ್ದ ದಿನ ದೊಡ್ಡ ಪಟ, ಜೋರಿದ್ದ ದಿನ ಸಣ್ಣ ಪಟ. ಎಪ್ಪತ್ತೈದು ಕೆ.ಜಿ. ತೂಕದವನು ಹದಿನೈದು ನಾಟ್‌ಗೆ ಹನ್ನೆರಡು ಮೀಟರ್ ಪಟ ಕಟ್ಟಿದರೆ, ಇಪ್ಪತ್ತು ದಾಟಿದರೆ ಒಂಬತ್ತಕ್ಕೆ ಇಳೀಬೇಕು. ನಮ್ಮ ಹುಡುಗನ ಹತ್ತಿರ ಇರೋದು ಒಂದೇ, ಹನ್ನೆರಡರದ್ದು. ನಾವು ಅಲ್ಲಿರೋದು ಮೂರು ದಿನ. ಆ ಮೂರು ದಿನ ಗಾಳಿ ಬೀಸಬೇಕು, ಅದೂ ಅವನ ಪಟದ ಅಳತೆಗೇ ಬೀಸಬೇಕು. ಈ ಆಟದವರು ಹದಿನೈದು ದಿನ ಒಂದೇ ಊರಲ್ಲಿ ಉಳಿಯೋದು ಸುಮ್ಮನೆ ಅಲ್ಲ, ಗಾಳಿಗೆ ಕಾಯೋಕೆ. ಯಾತ್ರೆಗೆ ಹೋದವರಿಗೆ ಆ ಪುರುಸೊತ್ತು ಎಲ್ಲಿಂದ ಬರಬೇಕು?

ಆಮೇಲೆ ಸಾಮಾನಿನ ಲೆಕ್ಕ. ಪಟ, ಕೋಲು, ದಾರ, ಪಂಪು, ಹಲಗೆ ಸೇರಿ ಹದಿನೈದರಿಂದ ಇಪ್ಪತ್ತು ಕೆ.ಜಿ. ಆಗ್ತದೆ. ವಿಮಾನದಲ್ಲಿ ಮದುರೈಗೆ ಹೋದರೆ ಹೆಚ್ಚಿನ ಕಂಪನಿಗಳು ಎಕಾನಮಿಯಲ್ಲಿ ಉಚಿತವಾಗಿ ಬಿಡೋ ತೂಕ 15 ಕೆ.ಜಿ. ಮಾತ್ರ. ಬಟ್ಟೆಬರೆ ಬೇರೆ ಇರ್ತಾವಲ್ಲ. ಆಟದ ಸಾಮಾನಿಗೆ ಪ್ರತ್ಯೇಕ ಶುಲ್ಕ ಇರೋ ಕಂಪನಿಗಳೂ ಇವೆ, ಟಿಕೆಟ್ ಮಾಡೋ ಮೊದಲೇ ಕೇಳಿಕೊಳ್ಳಬೇಕು. ಅಲ್ಲಿಂದ ಮುಂದೆ ಮೂರೂವರೆ, ನಾಲ್ಕು ತಾಸಿನ ರಸ್ತೆ.

ರೈಲಿಗೆ ತೂಕದ ತೊಂದರೆ ಇಲ್ಲ. ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆ.ಜಿ., ಎಸಿ ಟೂ ಟಯರ್‌ನಲ್ಲಿ 50 ಕೆ.ಜಿ. ಉಚಿತ. ತೊಂದರೆ ಇರೋದು ಉದ್ದದ್ದು. ಬೋಗಿಯೊಳಗೆ ಒಯ್ಯೋ ಪೆಟ್ಟಿಗೆ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ ಮೀರಬಾರದು ಅಂತ ನಿಯಮ, ಮೀರಿದ್ದನ್ನು ಬ್ರೇಕ್‌ವ್ಯಾನಿಗೆ ಬುಕ್ ಮಾಡಬೇಕು. ಹಲಗೆಯ ಉದ್ದ 135ರಿಂದ 140 ಸೆಂ.ಮೀ. ಟಿ.ಟಿ. ಸುಮ್ಮನಿದ್ದರೂ ಸೀಟಿನ ಕೆಳಗೆ ಅದು ಅಡ್ಡ ಕೂಡೋದಿಲ್ಲ. ಕೊಪ್ಪಳದಲ್ಲೋ ಹೊಸಪೇಟೆಯಲ್ಲೋ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಲ್ಲಿ ಇಳಿದು, ಮುಂದಿನ ಗಾಡಿ ಹಿಡಿಯೋ ನಮ್ಮಂಥವರಿಗೆ ಪ್ಲಾಟ್‌ಫಾರ್ಮ್ ಬದಲಿಸೋದೇ ದೊಡ್ಡ ಕೆಲಸ. ಒಂದು ಕೈಯಲ್ಲಿ ಎಪ್ಪತ್ತೆರಡು ವರ್ಷದ ಅಜ್ಜಿ, ಇನ್ನೊಂದು ಕೈಯಲ್ಲಿ ಹಲಗೆ ಅಂದ್ರೆ ಆಗೋ ಮಾತಲ್ಲ. 2025ರ ಏಪ್ರಿಲ್ 6ರಂದು ಪಾಂಬನ್‌ನ ಹೊಸ ಸೇತುವೆ ಉದ್ಘಾಟನೆ ಆದ ಮೇಲೆ ರೈಲು ಮತ್ತೆ ದ್ವೀಪದೊಳಕ್ಕೇ ಹೋಗ್ತದೆ, ಅದೊಂದು ಅನುಕೂಲ. ಹಳೇ ಸೇತುವೆ ಮೇಲೆ 2022ರ ಕೊನೆಗೆ ಓಡಾಟ ನಿಂತಾಗಿನಿಂದ ಮಂದಿ ದ್ವೀಪದ ಹೊರಗೇ ಇಳಿದು ಬಸ್ಸು ಹಿಡೀಬೇಕಾಗಿತ್ತು.

ಇಷ್ಟಾದರೂ ಹುಡುಗ ಒಪ್ಪಲಿಲ್ಲ. "ಹೊತ್ತು ಒಯ್ಯಾವ ನಾನು, ನಿಮಗೇನ್ ತ್ರಾಸು?" ಅಂದ. ಅವನ ಮಾತಲ್ಲೂ ನ್ಯಾಯ ಇತ್ತು. ನನಗೆ ನಿಜವಾಗಿ ಚಿಂತೆ ಹತ್ತಿದ್ದು ಬೇರೆ ಕಡೆ. ಹೊತ್ತು ತಂದ ಸಾಮಾನು ಸುಮ್ಮನೆ ಕೂಡಗೊಡೋದಿಲ್ಲ. ಮೂರನೇ ದಿನ ಸಂಜೆ, ನಾಳೆ ಊರಿಗೆ ಹೊರಡಬೇಕು, ಗಾಳಿ ಸರಿಯಿಲ್ಲ, ಜೊತೆಗೆ ಗೊತ್ತಿದ್ದವರಿಲ್ಲ, ಆದರೂ ಇಷ್ಟು ದೂರ ತಂದೀನಲ್ಲ ಅನ್ನೋ ಒಂದೇ ಕಾರಣಕ್ಕೆ ನೀರಿಗಿಳಿಯೋ ಮನಸ್ಸಾಗ್ತದೆ. ಅಪಾಯ ಇರೋದು ಅಲ್ಲಿ. ಗಾಳಿ ದಂಡೆಯಿಂದ ಸಮುದ್ರದ ಕಡೆ ಬೀಸ್ತಿದ್ದರೆ ಪಟ ಮನುಷ್ಯನನ್ನು ಒಳಕ್ಕೇ ಎಳೀತದೆ. ಧನುಷ್ಕೋಡಿ ತುದಿಯಿಂದ ಶ್ರೀಲಂಕಾದ ತಲೈಮನ್ನಾರ್ ಸುಮಾರು 30 ಕಿ.ಮೀ., ನಡುವೆ ಎರಡು ದೇಶಗಳ ಸಮುದ್ರಗಡಿ. ಮೀನುಗಾರರೇ ಆ ಗೆರೆ ದಾಟಿ ಸಿಕ್ಕಿಬೀಳೋದನ್ನು ಪೇಪರಿನಲ್ಲಿ ಓದ್ತಾನೇ ಇರ್ತೀವಿ. ದಕ್ಷಿಣಕ್ಕೆ ಮನ್ನಾರ್ ಕೊಲ್ಲಿಯ 21 ದ್ವೀಪಗಳು ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಕಂಡಲ್ಲಿ ಹೋಗಿ ಇಳಿಯೋ ಹಾಗಿಲ್ಲ. ಇನ್ನು ಗುಡಿ ಮುಂದಿನ ಅಗ್ನಿತೀರ್ಥ. ಅಲ್ಲಿ ನೀರು ಶಾಂತ, ಸಮ ನಿಜ. ಆದರೆ ಮುಳುಗಿ ಏಳೋ ಮುದುಕರು, ಮಕ್ಕಳ ನಡುವೆ ಬಿಗಿದ ದಾರ ಹಾದುಹೋದರೆ ಅದು ಚಾಕುವಿದ್ದಂತೆ. ಅಲ್ಲಿ ಪಟದ ಮಾತೇ ಬೇಡ.

ಅವನನ್ನು ಕೂಡಿಸಿಕೊಂಡು ಮೂರು ಪ್ರಶ್ನೆ ಕೇಳಿದೆ. ಗಾಳಿಗೆ ಎದುರಾಗಿ ಹೋಗಿ, ಹೊರಟ ಜಾಗಕ್ಕೇ ವಾಪಸ್ ಬರ್ತೀಯಾ? ಪಟ ನೀರಿಗೆ ಬಿದ್ದು ಏಳದಿದ್ದರೆ ಅದನ್ನೇ ತೇಲಿಸಿಕೊಂಡು ಒಬ್ಬನೇ ದಂಡೆಗೆ ಬರ್ತೀಯಾ? ಅಲ್ಲಿ ಪಟ ಎತ್ತೋಕೆ, ಇಳಿಸೋಕೆ ಗೊತ್ತಿದ್ದವರು ಯಾರಿದಾರೆ? ಮೊದಲನೆಯದಕ್ಕೆ "ಒಮ್ಮೊಮ್ಮೆ" ಅಂದ. ಎರಡನೆಯದಕ್ಕೆ ಸುಮ್ಮನಾದ. ಐದು ದಿನದ ಕಲಿಕೆಗೆ ಅಷ್ಟೇ ಬರೋದು, ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಈ ಹಂತದಲ್ಲಿ ಸ್ವಂತ ಸಾಮಾನಿಗಿಂತ ಜೊತೆಗೊಬ್ಬ ಕಲಿಸುವವರಿರೋದು ಮುಖ್ಯ. ಕಲಿಸುವವರ ಬಳಿ ಎಲ್ಲ ಅಳತೆಯ ಪಟಗಳೂ ಇರ್ತಾವೆ.

ಕಡೆಗೆ ಪಡಸಾಲೆಯಲ್ಲಿ ಚೀಲ ಬಿಚ್ಚಿ ಎರಡು ಪಾಲು ಮಾಡಿದೆವು. ಮೈಗೆ ಹೊಂದಬೇಕಾದದ್ದು ಜೊತೆಗೆ: ಸೊಂಟದ ಪಟ್ಟಿ, ಹೆಲ್ಮೆಟ್, ತೇಲುವ ಜಾಕೆಟ್, ಬಿಸಿಲಿಗೆ ತುಂಬುತೋಳಿನ ಅಂಗಿ, ಹವಳ ಚಿಪ್ಪು ಚುಚ್ಚದಂಥ ಬೂಟು. ಎಲ್ಲ ಸೇರಿ ಐದು ಕೆ.ಜಿ. ಒಳಗೇ ಬಂತು. ಗಾಳಿಗೆ ಹೊಂದಬೇಕಾದದ್ದು, ಅಂದ್ರೆ ಪಟ, ಕೋಲು, ಹಲಗೆ, ಪಂಪು ಮನೆಯಲ್ಲೇ. ಅವನ್ನು ಅಲ್ಲೇ ಬಾಡಿಗೆಗೆ ಪಡೆಯೋದು, ಅದೂ ಗಾಳಿ ಬಂದರೆ ಮಾತ್ರ.

ಅಂಡಮಾನ್‌ಗೆ ಹೋಗುವವರಿಗೂ, ನೇತ್ರಾಣಿಯಲ್ಲಿ ಮುಳುಗೋಕೆ ಮುರ್ಡೇಶ್ವರಕ್ಕೆ ಹೋಗುವವರಿಗೂ ಇದೇ ಪಾಲು ಸರಿಹೋಗ್ತದೆ. ಮುಖಕ್ಕೆ ಸರಿಯಾಗಿ ಕೂಡೋ ಮಾಸ್ಕ್ ನಿಮ್ಮದೇ ಇರಲಿ. ಚಷ್ಮಾ ಹಾಕುವವರು ನಂಬರ್ ಇರೋ ಗಾಜಿನದ್ದನ್ನು ಮೊದಲೇ ಮಾಡಿಸಿಕೊಂಡರೆ ಮೀನು ಕಾಣ್ತಾವೆ, ಇಲ್ಲಾಂದ್ರೆ ಬರೀ ಬಣ್ಣ. ಸಿಲಿಂಡರ್ ಗಿಲಿಂಡರ್ ಎಲ್ಲಾ ಅಲ್ಲಿಯವರದೇ.

ಬಾಡಿಗೆಗೆ ಫೋನ್ ಮಾಡುವಾಗ ದರ ಒಂದನ್ನೇ ಕೇಳಿ ಇಡಬೇಡಿ. ಗಾಳಿ ಇಲ್ಲದ ದಿನಕ್ಕೂ ದುಡ್ಡು ಕೊಡಬೇಕಾ, ಪಟ ಹರಿದರೆ ಯಾರ ಲೆಕ್ಕ, ರಕ್ಷಣೆಗೆ ದೋಣಿ ಇದೆಯಾ, ಆ ವಾರ ಯಾವ ದಂಡೆಯಲ್ಲಿ ಆಡಿಸ್ತಾರೆ ಇವೆಲ್ಲ ಕೇಳಬೇಕು. ಉತ್ತರ ಹಾರಿಕೆಯದಾಗಿದ್ದರೆ ಬೇರೆಯವರನ್ನು ಹುಡುಕೋದೇ ವಾಸಿ.

ದಿನಗಳನ್ನೂ ಹಂಚಿಕೊಂಡಿದೀವಿ. ಮೊದಲನೇ ದಿನ ಪೂರ್ತಿ ಅಜ್ಜಿಯದು: ನಸುಕಿನಲ್ಲಿ ಸ್ಫಟಿಕಲಿಂಗದ ದರ್ಶನ, ಅಗ್ನಿತೀರ್ಥದ ಸ್ನಾನ, ಗುಡಿಯೊಳಗಿನ 22 ತೀರ್ಥ, ಗಂಗಾಜಲದ ಅಭಿಷೇಕ. ಒದ್ದೆ ಬಟ್ಟೆಯಲ್ಲಿ ಬಾವಿಯಿಂದ ಬಾವಿಗೆ ನಡೆಯುವಾಗ ಕಲ್ಲು ಜಾರ್ತದೆ, ಹಿಡಿಯೋಕೆ ಗಟ್ಟಿ ಕೈ ಬೇಕು, ಅದು ಮೊಮ್ಮಗನ ಪಾಲಿಗೆ. ಎರಡನೇ ದಿನ ಧನುಷ್ಕೋಡಿ. ಮೂರನೇ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅವನದು, ಗಾಳಿ ಇದ್ದರೆ. ಇಲ್ಲದಿದ್ದರೆ ಅಬ್ದುಲ್ ಕಲಾಂ ಅವರ ಮನೆ ನೋಡಿ ಬರೋದು ಅಂತ ಈಗಲೇ ಮಾತಾಗಿದೆ.

ಅವನ ಹನ್ನೆರಡು ಮೀಟರ್ ಪಟಕ್ಕೆ ಜೂನ್ ಗೊತ್ತಾಗಿದೆ. ಕಾರ್ಖಾನೆಯಲ್ಲಿ ಹತ್ತು ದಿನದ ರಜೆ ಕೂಡಿಸಿಕೊಂಡು ಕಲಿತ ಗೆಳೆಯರ ಜೊತೆ ಹೋಗ್ತಾನಂತೆ, ಹಲಗೆಯನ್ನು ಬ್ರೇಕ್‌ವ್ಯಾನಿಗೆ ಹಾಕ್ತಾನಂತೆ. ಅಲ್ಲೀವರೆಗೆ ಆ ಬಟ್ಟೆಗೆ ಗಿಣಿಗೇರಾದ ಕಾರ್ಖಾನೆ ಧೂಳು ಕೂಡದ ಹಾಗೆ ಹಳೇ ಸೀರೆಯಲ್ಲಿ ಸುತ್ತಿ ಇಟ್ಟಿದೀನಿ.