ತೊಂಬತ್ತು ದಿನದ ಮುದ್ರೆ

ಓಣಂ ಹತ್ತಿರ ಬಂತೆಂದರೆ ಗುಂಡ್ಲುಪೇಟೆ ಕಡೆಯ ಚೆಂಡುಹೂವಿನ ಹೊಲಗಳ ಪಕ್ಕ ಕೇರಳದ ಕಾರುಗಳು ಸಾಲುಗಟ್ಟುತ್ತವೆ. ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳಲು ಕಾಸು ಕೊಡುವವರೂ ಉಂಟು. ಅಂಥದೊಂದು ಭಾನುವಾರ ಬೆಳಿಗ್ಗೆ, ಬಂಡೀಪುರ ರಸ್ತೆಯಲ್ಲಿ ಹೋಂಸ್ಟೇ ನಡೆಸುವ ಪರಿಚಯದವರ ಫೋನು: ‘ಸಾ, ಕೇರಳದೋರು ಫೋನ್ ಮಾಡವ್ರ. ನಮ್ ಸೈಟ್ ತಗುದ್ರ ಕಳ್ಳರು ಅವ್ರ ಅಂತ ಬತ್ತದಂತ. ಯಾನ ಸಾ ಇದು?’

ಆ ವೆಬ್‌ಸೈಟು ಕಟ್ಟಿಕೊಟ್ಟವನು ನಾನೇ. ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಕಳ್ಳರಾರೂ ಬಂದಿರಲಿಲ್ಲ. ಸೈಟು ತೋರಿಸುತ್ತಿದ್ದ ಭದ್ರತಾ ಸರ್ಟಿಫಿಕೇಟಿನ ವಾಯಿದೆ ಹಿಂದಿನ ರಾತ್ರಿ ಮುಗಿದಿತ್ತು, ಅಷ್ಟೆ. ಆದರೆ ಬ್ರೌಸರ್‌ಗೆ ಸಮಾಧಾನದ ಮಾತು ಬರುವುದಿಲ್ಲ. ವಾಯಿದೆ ಮುಗಿದರೂ ಒಂದೇ, ಕನ್ನ ಬಿದ್ದರೂ ಒಂದೇ, ಕೆಂಪು ತೋರಿಸಿ ಕಳ್ಳರ ಸುದ್ದಿ ಎತ್ತುತ್ತದೆ.

ಸಂತೆಯ ತಕ್ಕಡಿಗೆ ತೂಕ ಅಳತೆ ಇಲಾಖೆಯವರ ಮುದ್ರೆ ಇರುತ್ತದಲ್ಲ, ಇದೂ ಹೆಚ್ಚುಕಡಿಮೆ ಅದೇ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಮುದ್ರೆ ಇದೆಯೆಂದರೆ ತಕ್ಕಡಿ ಸರಿಯಿದೆ ಎಂದರ್ಥವೇ ಹೊರತು ಟೊಮೆಟೊ ಕೊಳೆತಿಲ್ಲ ಎಂದಲ್ಲ. ಸರ್ಟಿಫಿಕೇಟೂ ಹಾಗೆ: ನೀವು ಬರೆದ ವಿಳಾಸದ ಸರ್ವರ್‌ಗೇ ತಲುಪಿದ್ದೀರಿ, ನಡುವಿನ ಮಾತನ್ನು ಯಾರೂ ಓದಲಾರರು ಎನ್ನುವುದಷ್ಟೇ ಅದರ ಭರವಸೆ. ಮೋಸದ ಸೈಟಿಗೂ ಅದು ಸಿಗುತ್ತದೆ. ಬೀಗದ ಚಿತ್ರ ನೋಡಿ ಜನ ಮೋಸಹೋಗುವುದು ಕಂಡೇ ಕ್ರೋಮ್ 2023ರಲ್ಲಿ ಆ ಬೀಗವನ್ನು ವಿಳಾಸಪಟ್ಟಿಯಿಂದ ತೆಗೆದುಹಾಕಿತು.

ಮೊದಲೆಲ್ಲ ಇದಕ್ಕೆ ದುಡ್ಡು ಕೊಡಬೇಕಿತ್ತು, ವರ್ಷಕ್ಕೋ ಎರಡು ವರ್ಷಕ್ಕೋ ನೆನಪಿಟ್ಟು ಹೊಸದು ತರಬೇಕಿತ್ತು. ಸಣ್ಣ ಅಂಗಡಿಯವರು ಅದರ ಗೋಜಿಗೇ ಹೋಗುತ್ತಿರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಲ್ಲರಿಗೂ ಬಾಗಿಲು ತೆರೆಯಿತು. ಅಮೆರಿಕದ ಲಾಭರಹಿತ ಸಂಸ್ಥೆಯೊಂದು ನಡೆಸುವ ಈ ವ್ಯವಸ್ಥೆಯಲ್ಲಿ ಸರ್ಟಿಫಿಕೇಟು ಪುಕ್ಕಟೆ. 2020ರ ಫೆಬ್ರುವರಿ ಹೊತ್ತಿಗೆ ಅದು ನೂರು ಕೋಟಿ ಸರ್ಟಿಫಿಕೇಟು ಕೊಟ್ಟಾಗಿತ್ತು. ಅಷ್ಟರೊಳಗೆ, 2018ರ ಜುಲೈನಿಂದ, ಸರ್ಟಿಫಿಕೇಟಿಲ್ಲದ ಸೈಟಿಗೆಲ್ಲ ಕ್ರೋಮ್ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಹಚ್ಚತೊಡಗಿತ್ತು.

ಇದು ನಡೆಯುವ ರೀತಿ ಸೊಗಸಾಗಿದೆ. ನಮ್ಮ ಸರ್ವರ್‌ನಲ್ಲಿ ಸರ್ಟ್‌ಬಾಟ್ ಎಂಬ ಪುಟ್ಟ ತಂತ್ರಾಂಶ ಕೂತಿರುತ್ತದೆ. ‘ಈ ಹೆಸರಿನ ಸೈಟು ನಮ್ಮದು, ಮುದ್ರೆ ಬೇಕು’ ಎಂದು ಅದು ಕೇಳುತ್ತದೆ. ‘ನಿಮ್ಮದಾದರೆ ಈ ಗುರುತನ್ನು ನಿಮ್ಮ ಜಗಲಿಯ ಮೇಲಿಡಿ, ಬಂದು ನೋಡುತ್ತೇವೆ’ ಎಂದು ಆ ಕಡೆಯವರು ಒಂದು ಗುರುತುಸಾಲು ಕೊಡುತ್ತಾರೆ. ಸರ್ಟ್‌ಬಾಟ್ ಅದನ್ನು ಗೊತ್ತುಪಡಿಸಿದ ಫೋಲ್ಡರಿನಲ್ಲಿಡುತ್ತದೆ. ಅವರು 80ನೇ ಪೋರ್ಟ್ ಮೂಲಕ, ಅದೂ ಬೇರೆ ಬೇರೆ ಊರುಗಳಿಂದ ಬಂದು ನೋಡಿ ಖಾತ್ರಿಯಾದ ಮೇಲೆ ಮುದ್ರೆ ಒತ್ತುತ್ತಾರೆ. ಸರ್ವರ್‌ನ ಈ ಮುದ್ರೆಗೆ ಜೋಡಿಯಾದ ಗುಟ್ಟಿನ ಕೀಲಿ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಮುದ್ರೆಯ ಆಯುಸ್ಸು 90 ದಿನ. ಇನ್ನು 30 ದಿನ ಉಳಿದಿದೆ ಎನ್ನುವಾಗ ಸರ್ಟ್‌ಬಾಟ್ ತಾನೇ ಹೋಗಿ ಹೊಸದು ತರುತ್ತದೆ.

ಹಾಗಿದ್ದ ಮೇಲೆ ನಮ್ಮದೇಕೆ ಕೈಕೊಟ್ಟಿತು? ಬಸ್ಸು ತೆರಕಣಾಂಬಿ ಹತ್ತಿರ ಬರುವಾಗ ಲಾಗ್ ತೆರೆಯಿತು. ನೋಡಿದರೆ, ತಿಂಗಳ ಹಿಂದೆಯೇ ಹೊಸ ಸರ್ಟಿಫಿಕೇಟು ಬಂದು ಕೂತಿದೆ! ಹೊಸ ಪತ್ರ ಬೀರುವಿನಲ್ಲಿ, ಗಲ್ಲಾದಲ್ಲಿ ಕೂತ ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್ ಮಾತ್ರ ಬಂದವರಿಗೆಲ್ಲ ಹಳೆಯದನ್ನೇ ತೋರಿಸುತ್ತಿದೆ. ಎಂಜಿನ್‌ಎಕ್ಸ್ ಶುರುವಾಗುವಾಗ ಸರ್ಟಿಫಿಕೇಟನ್ನು ಒಮ್ಮೆ ಓದಿಕೊಳ್ಳುತ್ತದೆ; ಮತ್ತೆ ಓದು ಎಂದು ಹೇಳದ ಹೊರತು ಬೀರುವಿನತ್ತ ತಿರುಗಿಯೂ ನೋಡುವುದಿಲ್ಲ. ಹೇಳುವ ಏರ್ಪಾಡು ಮಾಡಬೇಕಾದವನು ನಾನು. ಸರ್ಟ್‌ಬಾಟ್‌ನ ಎಂಜಿನ್‌ಎಕ್ಸ್ ಪ್ಲಗಿನ್ ಬಳಸಿದ್ದರೆ ಅದೇ ಹೇಳುತ್ತಿತ್ತು. ನಾನು ಜಾಣತನ ಮಾಡಿ, ಮುದ್ರೆ ತಂದಿಟ್ಟು ಸುಮ್ಮನಾಗುವ ವೆಬ್‌ರೂಟ್ ವಿಧಾನ ಹಿಡಿದಿದ್ದೆ. ಡ್ರೈ ರನ್ ಮಾಡಿ, ಪಾಸಾಯಿತೆಂದು ಬೀಗಿದ್ದೆ ಬೇರೆ. ಆ ತಾಲೀಮು ಮುದ್ರೆ ತರುವವರೆಗಿನದು. ತಂದದ್ದು ಗಲ್ಲಾಕ್ಕೆ ತಲುಪಿತೇ ಎಂದು ಅದು ನೋಡುವುದಿಲ್ಲ.

ಒಂದು ರೀಲೋಡ್ ಆಜ್ಞೆ ಕೊಟ್ಟೆ. ಸೈಟು ಎದ್ದಿತು. ಮತ್ತೆ ಹೀಗಾಗದಂತೆ ಸರ್ಟ್‌ಬಾಟ್‌ನ ಡಿಪ್ಲಾಯ್ ಫೋಲ್ಡರಿನಲ್ಲಿ ಅದೇ ಆಜ್ಞೆಯ ಪುಟ್ಟ ಸ್ಕ್ರಿಪ್ಟ್ ಇಟ್ಟೆ. ದಿನಕ್ಕೊಮ್ಮೆ ಹೊರಗಿನಿಂದ, ಗಿರಾಕಿಯ ಹಾಗೆ ಸೈಟಿಗೆ ಹೋಗಿ ತಾರೀಖು ಓದುವ ಇನ್ನೊಂದನ್ನೂ ಬರೆದೆ. ವಾಯಿದೆ ಸಮೀಪಿಸಿದರೆ ಲೆಟ್ಸ್ ಎನ್‌ಕ್ರಿಪ್ಟ್‌ನವರು ಮೊದಲು ಇಮೇಲ್ ಕಳಿಸುತ್ತಿದ್ದರು. 2025ರ ಜೂನ್‌ನಲ್ಲಿ ಅದನ್ನೂ ನಿಲ್ಲಿಸಿದರು. ಬಂದಿದ್ದರೂ ನನ್ನ ಕೇಸಿಗೆ ಉಪಯೋಗವಿರಲಿಲ್ಲ ಅನ್ನಿ. ಅವರ ಲೆಕ್ಕದಲ್ಲಿ ನಾನು ಹೊಸದು ಪಡೆದಾಗಿತ್ತಲ್ಲ.

ಇಷ್ಟು ಚಿಕ್ಕ ವಾಯಿದೆ ಏಕೆ ಎಂದು ಸಿಟ್ಟು ಬರುತ್ತದೆ. ಕೀಲಿ ಕಳುವಾದರೂ ಕಳ್ಳನಿಗೆ ಹೆಚ್ಚು ದಿನ ದಕ್ಕಬಾರದು ಎಂಬುದೊಂದು ಕಾರಣ. ಮುದ್ರೆ ಒತ್ತುವವರ ಕೈಯೂ ತಪ್ಪುವುದುಂಟು: 2014ರ ಜುಲೈನಲ್ಲಿ ನಮ್ಮ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ, ಅಂದರೆ ಎನ್‌ಐಸಿಯ ಹೆಸರಿನಲ್ಲೇ ಗೂಗಲ್‌ನ ವಿಳಾಸಗಳಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದಿದ್ದವು. ಇನ್ನೊಂದು ಕಾರಣ, ಮೂರು ತಿಂಗಳಿಗೊಮ್ಮೆ ಬರುವ ಕೆಲಸವನ್ನು ಯಾರೂ ನೆನಪಿನ ಮೇಲೆ ಬಿಡುವುದಿಲ್ಲ, ಯಂತ್ರಕ್ಕೆ ಒಪ್ಪಿಸುತ್ತಾರೆ ಎಂಬ ಲೆಕ್ಕಾಚಾರ. ಬ್ರೌಸರ್ ಕಂಪನಿಗಳೂ ಮುದ್ರೆಯವರೂ ಸೇರಿ ಒಪ್ಪಿದ ಪ್ರಕಾರ 2029ರ ಮಾರ್ಚ್ 15ರಿಂದ ಯಾವ ಸರ್ಟಿಫಿಕೇಟೂ 47 ದಿನ ಮೀರುವಂತಿಲ್ಲ.

ಹೋಂಸ್ಟೇ ತಲುಪಿದಾಗ ಗಲ್ಲಾದ ಹಿಂದಿನ ಗೋಡೆಯಲ್ಲಿ ಪರವಾನಗಿ ಪತ್ರಗಳೆಲ್ಲ ಫ್ರೇಮಿನೊಳಗೆ ಸಾಲಾಗಿದ್ದವು. ‘ಆ ಸರ್ಟಿಫಿಕೇಟ್ನೂ ಒಂದು ಪ್ರಿಂಟ್ ಕೊಡಿ ಸಾ, ಫ್ರೇಮ್ ಹಾಕುಸ್ತೀನಿ’ ಅಂದರು ಯಜಮಾನರು.

‘ಎರಡು ತಿಂಗಳಿಗೊಂದು ಹೊಸದು ಬರುತ್ತೆ. ವರ್ಷಕ್ಕೆ ಆರು ಸಲ ಫ್ರೇಮ್ ಬಿಚ್ಚಬೇಕಾಗುತ್ತೆ’ ಅಂದೆ.

‘ಅಂಗಾದ್ರ ಬ್ಯಾಡ ಬುಡಿ’ ಎಂದು ಕಾಫಿ ತರಲು ಒಳಗೆ ಹೋದರು.